ಸವಣೂರಿನಲ್ಲಿ ಚೀನಾ ಕಾನೂನು ಜಾರಿಯಾದದ್ದು

ಸವಣೂರಿನ ತಾಲ್ಲೂಕು ಕಚೇರಿಯ ಎದುರು ಅರ್ಜಿ ಬರೆದುಕೊಡುವ ನಾನು ಚೀನೀ ಭಾಷೆ ಕಲಿಯಲು ಹೊರಟದ್ದಕ್ಕೆ ಬಲವಾದ ಕಾರಣವಿತ್ತು. ಪೇಟೆಯ ಅರ್ಧ ಸಾಮಾನು ಚೀನಾದ್ದು. ಇಂದಲ್ಲ ನಾಳೆ ತಕರಾರು ಬಂದೇ ಬರುತ್ತದೆ. ಆಗ ಚೀನಾ ಸರಕಾರಕ್ಕೆ ಅರ್ಜಿ ಬರೆಯಬಲ್ಲವನು ಜಿಲ್ಲೆಗೆ ನಾನೊಬ್ಬನೇ! ಆದ್ದರಿಂದ ಊಟ, ನೀರು ಮುಂತಾದ ಕ್ಷುಲ್ಲಕ ಪದಗಳನ್ನು ಬಿಟ್ಟು, ಮೊಬೈಲ್ ನೋಡಿ ನೇರವಾಗಿ ಕಾನೂನಿಗೇ ಕೈ ಹಾಕಿದೆ. ಫಾಲ್ಯು ಎಂದರೆ ಕಾನೂನು, ಫಾಯುವಾನ್ ಎಂದರೆ ನ್ಯಾಯಾಲಯ. ಎರಡು ತಿಂಗಳಲ್ಲಿ ಅರವತ್ತು ಪದ ಬಂದವು. ಚಹಾಕ್ಕೆ ಏನನ್ನುತ್ತಾರೆ ಎಂದು ಹೆಂಡತಿ ಕೇಳಿದಳು. ಅದು ನನ್ನ ಇಲಾಖೆಗೆ ಬರುವುದಿಲ್ಲ ಎಂದೆ.

ಅಷ್ಟರಲ್ಲಿ ಅವಳ ತಮ್ಮ ಈರಣ್ಣ ತನ್ನ ಕುರುಕಲು ತಿಂಡಿಯ ಅಂಗಡಿಗೆ ಖಾರಾ, ಅಂದರೆ ಸೇವು, ಒತ್ತುವ ಚೀನಾ ಯಂತ್ರ ತರಿಸಿದ. ಎಂಟು ದಿನದೊಳಗೆ ಬಂಕಾಪುರದ ಮದುವೆಯೊಂದಕ್ಕೆ ಕ್ವಿಂಟಲ್ ಖಾರಾ ಒಪ್ಪಿಸಬೇಕಿತ್ತು. ಯಂತ್ರದ ಜೊತೆ ಬಂದ ಕಾಗದವನ್ನು ನನ್ನ ಕೈಗಿತ್ತು, "ಲಗೂನ ಓದ್ರಿ ಮಾಮಾ. ಈ ಖಾರಾ ತಪ್ಪಿದ್ರ ಅಂಗಡಿ ಬಾಗಲಾ ಹಾಕಬೇಕಾಕ್ಕೈತಿ" ಎಂದ.

ತೆಳ್ಳನೆಯ ದಸ್ತಾವೇಜು ಸಿಕ್ಕರೆ ಮೊದಲು ಬೆನ್ನಿಗೆ ರಟ್ಟು ಅಂಟಿಸುವುದು ನನ್ನ ಕಸುಬಿನ ಪದ್ಧತಿ. ಮೈದಾ ಅಂಟು ಬಳಿದು ಅಂಟಿಸಿದೆ. ಹಿಂದೆ ಏನೋ ಚಿತ್ರಗಳಿದ್ದವು. ಚಿತ್ರಕ್ಕೆ ಕಾನೂನಿನಲ್ಲಿ ಬೆಲೆಯಿಲ್ಲ! ಆಮೇಲೆ ಗಂಭೀರವಾಗಿ ಓದಿದೆ. ಅಷ್ಟೂ ಅಕ್ಷರಗಳಲ್ಲಿ ನನಗೆ ಗುರುತು ಸಿಕ್ಕದ್ದು ಎರಡೇ ಪದ: ನಿಯಮ, ನಿಷೇಧ. ಅದರಲ್ಲೂ ನಿಷೇಧ ನಾಲ್ಕು ಸಲ.

"ಸರಕಾರಿ ನೋಟಿಸ್ ಐತಿ," ಎಂದೆ. "ಪರವಾನಗಿ ಬರೂತನಾ ಚಾಲೂ ಮಾಡಬ್ಯಾಡ."

ಈರಣ್ಣ ಯಂತ್ರಕ್ಕೆ ಚಾದರ ಹೊದಿಸಿದ. ನಾನು ಪರವಾನಗಿಯ ಅರ್ಜಿಗೆ ಕುಳಿತೆ. 'ಸರಕಾರ' ಗೊತ್ತಿತ್ತು, 'ದಯವಿಟ್ಟು' ಗೊತ್ತಿರಲಿಲ್ಲ. ಅರ್ಜಿ ಅಲ್ಲೇ ನಿಂತಿತು. ಅತ್ತ ಈರಣ್ಣ, ಅವನ ಹೆಂಡತಿ ಇಬ್ಬರೂ ಕೈಯಿಂದಲೇ ಖಾರಾ ಒತ್ತತೊಡಗಿದರು.

ಏಳನೆಯ ದಿನ ನಾನೂ ನನ್ನ ಹೆಂಡತಿಯೂ ಅಂಗಡಿಗೆ ಹೋದಾಗ ಈರಣ್ಣನಿಗೆ ಚಹಾದ ಕಪ್ಪು ಎತ್ತಲೂ ಆಗುತ್ತಿರಲಿಲ್ಲ. ಅಂಗೈಗಳು ಬಾತಿದ್ದವು. ಅರ್ಧ ಖಾರಾ ಇನ್ನೂ ಬಾಕಿ. ನನಗೆ ನಿಜಕ್ಕೂ ಸಂಕಟವಾಯಿತು. ಅಂಟಿಸುವಾಗ ಚಿತ್ರಗಳನ್ನು ಕಂಡಿದ್ದ ನನ್ನ ಹೆಂಡತಿ ಆ ಕಾಗದವನ್ನು ನೀರಲ್ಲಿ ನೆನೆಸಿ ರಟ್ಟು ಬಿಡಿಸಿದಳು. ಹಿಂದೆ ನಾಲ್ಕು ಚಿತ್ರ, ನಾಲ್ಕರ ಮೇಲೂ ಕೆಂಪು ಗೀಟು. ಮೊದಲನೆಯದರಲ್ಲಿ ನೀರು ತೊಟ್ಟಿಕ್ಕುವ ಕೈಯೊಂದು ಯಂತ್ರ ಮುಟ್ಟುತ್ತಿತ್ತು.

"ಒದ್ದಿ ಕೈಲೆ ಮುಟ್ಟಬಾರ್ದಂತ್ರಿ," ಎಂದಳು. "ಇಷ್ಟಕ್ಕ ಚೀನಾ ಸರಕಾರ ಯಾಕ ಬೇಕಿತ್ತು?"

ಕೈ ಒರೆಸಿಕೊಂಡು ಗುಂಡಿ ಒತ್ತಿದರು. ಉಳಿದ ಖಾರಾ ಸಂಜೆಯೊಳಗೆ ಮುಗಿಯಿತು. ಮದುವೆಗೂ ಸರಿಯಾಗಿ ಮುಟ್ಟಿತು. ನಿಷೇಧ ಎಂಬ ನನ್ನ ಅನುವಾದ ಸರಿಯೇ ಇತ್ತೆಂದು ನಾನು ವಾದಿಸಿದೆ. ಯಾರೂ ಅಲ್ಲಗಳೆಯಲಿಲ್ಲ. ಯಾರೂ ಕೇಳಲೂ ಇಲ್ಲ.

ಈಗ ಆ ಕಾಗದ ಯಂತ್ರದ ಮೇಲಿನ ಗೋಡೆಯಲ್ಲಿದೆ, ಚಿತ್ರಗಳು ಕಾಣುವಂತೆ. ಕೆಳಗೆ ಐದನೆಯ ಚಿತ್ರವೊಂದನ್ನು ನನ್ನ ಹೆಂಡತಿಯೇ ಬರೆದಿದ್ದಾಳೆ: ನನ್ನದೇ ಕನ್ನಡಕ, ಕಿವಿಯ ಸಂದಿಯಲ್ಲಿ ಪೆನ್ನು, ಮೇಲೆ ಕೆಂಪು ಗೀಟು. ನಾನು ಕಾನೂನು ಬಲ್ಲವನು, ಪಾಲಿಸುತ್ತೇನೆ. ಖಾರಾ ಬೇಕಾದಾಗ ರಸ್ತೆಯಲ್ಲೇ ನಿಂತು ಕೈ ಚಾಚುತ್ತೇನೆ.