ಎಂಜಿನ್ನಿನ ಹಣೆ

ಅಂದಿನ ಅನಾಹುತಕ್ಕೆಲ್ಲ ಕಾರಣ ಮೂರು ಬೆರಳಿನಷ್ಟು ವಿಭೂತಿ. ವಿಭೂತಿಯದೇನೂ ತಪ್ಪಿಲ್ಲ, ಅದನ್ನು ಹಚ್ಚಿದ ಜಾಗ ತಪ್ಪು. ಆದರೆ ಹಚ್ಚಿದವರು ಅಧ್ಯಕ್ಷರ ತಾಯಿ. ಹಾಗಾಗಿ ಜಾಗ ತಪ್ಪು ಎಂದು ಹೇಳುವ ಧೈರ್ಯ ಇಡೀ ಪಾಲಿಟೆಕ್ನಿಕ್ಕಿನಲ್ಲಿ ಯಾರಿಗೂ ಇರಲಿಲ್ಲ, ಶಿವಯೋಗಿಗಂತೂ ಮೊದಲೇ ಇರಲಿಲ್ಲ.

ಶಿವಯೋಗಿ ಶಿವಮೊಗ್ಗದ ರಾಗಿಗುಡ್ಡದ ಹತ್ತಿರದ ಒಂದು ಖಾಸಗಿ ಪಾಲಿಟೆಕ್ನಿಕ್ಕಿನಲ್ಲಿ ಮೆಕ್ಯಾನಿಕಲ್ ವಿಭಾಗದ ಅತಿಥಿ ಉಪನ್ಯಾಸಕ. ಅತಿಥಿ ಎಂದರೆ ನಾಲ್ಕು ದಿನ ಇದ್ದು ಹೋಗುವವನು ಎಂದು ನಾವು ನೀವು ತಿಳಿದಿದ್ದೇವೆ. ಈ ಅತಿಥಿ ಬಂದಾಗ ತಲೆತುಂಬ ಕೂದಲಿತ್ತು, ಈಗ ಅದರ ನೆನಪಷ್ಟೇ ಉಳಿದಿತ್ತು. ಪ್ರತಿ ಬೇಸಿಗೆಗೆ ಅವನ ಕೆಲಸ ಹೋಗುತ್ತಿತ್ತು, ಪ್ರತಿ ಮಳೆಗಾಲಕ್ಕೆ ಹೊಸ ಅರ್ಜಿ ಹಿಡಿದು ನಿಲ್ಲಬೇಕಾಗುತ್ತಿತ್ತು. ಹೆಂಡತಿ ಅಮೂಲ್ಯಳ ತವರಿನಲ್ಲಿ ಅವನನ್ನು ‘ಕಾಲೇಜಿಗೆ ಹೋಗ್ತಾರೆ’ ಎಂದಷ್ಟೇ ಪರಿಚಯಿಸುತ್ತಿದ್ದರು. ಒಮ್ಮೆ ದೂರದ ನೆಂಟರೊಬ್ಬರು ಯಾವ ಸೆಮಿಸ್ಟರು ಎಂದು ಕೇಳಿಯೂ ಬಿಟ್ಟಿದ್ದರು.

ಈ ಸಲ ದೇವರು ಕಣ್ಣು ಬಿಟ್ಟ ಹಾಗಿತ್ತು. ಹಿರಿಯ ಉಪನ್ಯಾಸಕ ಶ್ರೀನಿವಾಸಮೂರ್ತಿ ತಿಂಗಳ ಕೊನೆಗೆ ನಿವೃತ್ತರಾಗುವವರಿದ್ದರು. ಅವರದು ಕಾಯಂ ಹುದ್ದೆ. ಅದು ನಿಮಗೇ ಬರಬೇಕು ಎಂದು ಸ್ವತಃ ಅವರೇ ಎರಡು ಸಲ ಹೇಳಿದ್ದರು. ಆದರೆ ಕೊಡಬೇಕಾದವರು ಅಧ್ಯಕ್ಷ ವೀರಪ್ಪನವರು. ಅವರು ಅಕ್ಕಿ ಗಿರಣಿಯಿಂದ ಮೇಲೆ ಬಂದ ಮನುಷ್ಯ, ಬಾಯಿಮಾತಿನ ಅರ್ಹತೆಯನ್ನು ನಂಬುವವರಲ್ಲ. ಏನಾದರೂ ಮಾಡಿ ತೋರಿಸು, ಬೀಳ್ಕೊಡುಗೆ ಸಮಾರಂಭದ ದಿನವೇ ಘೋಷಣೆ ಮಾಡೋಣ ಎಂದಿದ್ದರು.

ಶಿವಯೋಗಿ ಮಾಡಿದ್ದು ಎಂಜಿನ್ನು. ಡೀಸೆಲ್ ಎಂಜಿನ್ನು ಉರಿಸಿದ ಎಣ್ಣೆಯಲ್ಲಿ ಅರ್ಧಕ್ಕಿಂತ ಹೆಚ್ಚು ಬಿಸಿಯಾಗಿ, ಹೊಗೆಯಾಗಿ ಸುಮ್ಮನೆ ಗಾಳಿಗೆ ಹೋಗುತ್ತದೆ. ಆ ಬಿಸಿಹೊಗೆಯನ್ನೇ ಒಂದು ಸಣ್ಣ ಬಾಯ್ಲರಿನ ಸುತ್ತ ಹಾಯಿಸಿ, ನೀರು ಕಾಯಿಸಿ, ಬಂದ ಉಗಿಯನ್ನು ಅದೇ ಪಿಸ್ಟನ್ನಿನ ಕೆಳಭಾಗಕ್ಕೆ ಬಿಟ್ಟರೆ? ಮೇಲಿಂದ ಡೀಸೆಲ್ ತಳ್ಳುತ್ತದೆ, ಕೆಳಗಿಂದ ಉಗಿ ತಳ್ಳುತ್ತದೆ. ನೂರು ವರ್ಷದ ಹಿಂದೆ ಇಂಗ್ಲೆಂಡಿನಲ್ಲಿ ಇಂಥ ಎಂಜಿನ್ನುಗಳನ್ನು ಮಾಡಿ ಹಡಗಿಗೂ ಹಾಕಿದ್ದರು, ರೈಲಿಗೂ ಹಾಕಿದ್ದರು. ಚೆನ್ನಾಗಿಯೇ ಓಡಿದ್ದವು. ಆದರೆ ನೋಡಿಕೊಳ್ಳುವ ರಗಳೆ ಯಾರಿಗೂ ಬೇಡವಾಗಿ ಮೂಲೆ ಸೇರಿದವು. ಒಳ್ಳೆಯ ಕೆಲಸ ಮಾಡಿಯೂ ಕಾಯಂ ಆಗದ ಆ ಎಂಜಿನ್ನಿನ ಮೇಲೆ ಶಿವಯೋಗಿಗೆ ಒಂಥರಾ ಕರುಳಿನ ಪ್ರೀತಿ ಹುಟ್ಟಿದ್ದು ಸಹಜ.

ಸಮಾರಂಭದ ದಿನ ಬೆಳಿಗ್ಗೆ ಅವನು ಭದ್ರಾವತಿಯಲ್ಲಿದ್ದ. ಅಲ್ಲಿನ ಗುಜರಿ ಓಣಿಯಲ್ಲಿ ವೆಲ್ಡಿಂಗ್ ಅಂಗಡಿ ಇಟ್ಟಿದ್ದ ಮುರುಗೇಶ್ ಹಳೇ ಪಂಪ್‌ಸೆಟ್ಟಿಗೆ ಬಾಯ್ಲರು ಕೂರಿಸಿ, ಕೊನೆಯ ಬೆಸುಗೆ ಮುಗಿಸಿ, ಅದನ್ನು ಗೂಡ್ಸ್ ಆಟೋಕ್ಕೆ ಏರಿಸಿಕೊಟ್ಟ. ಅವನ ಕನ್ನಡದಲ್ಲಿ ತಮಿಳು ಧಾರಾಳವಾಗಿತ್ತು, ಎಚ್ಚರಿಕೆ ಮಾತ್ರ ಸ್ಪಷ್ಟವಾಗಿತ್ತು.

“ಸಾರ್, ಈ ಪ್ರೆಶರ್ ಗೇಜಿನ ಮುಳ್ಳು ಕೆಂಪು ಗೆರೆ ದಾಟಬಾರದು. ದಾಟಿದ್ರೆ ನಿಮ್ಮ ಕಾಲೇಜು ಇಲ್ಲೇ ಭದ್ರಾವತಿಗೆ ಬಂದು ಬೀಳ್ತದೆ. ಕಣ್ಣು ತೆಗೀಬೇಡಿ.”

ಕಣ್ಣು ತೆಗೆಯುವುದಿಲ್ಲ ಎಂದು ಶಿವಯೋಗಿ ಮಾತು ಕೊಟ್ಟ. ಆಟೋದಲ್ಲಿ ಬಾಯ್ಲರನ್ನು ತಬ್ಬಿಕೊಂಡೇ ಶಿವಮೊಗ್ಗಕ್ಕೆ ಬಂದ.

ಆ ಕಾಲೇಜಿನಲ್ಲಿ ಒಂದು ಪದ್ಧತಿ ಇತ್ತು. ಯಾವ ಯಂತ್ರವೇ ಬರಲಿ, ಅಧ್ಯಕ್ಷರ ತಾಯಿ ಜಗದಾಂಬಾ ಅವರು ವಿಭೂತಿ ಹಚ್ಚದೆ ಅದು ತಿರುಗುವಂತಿರಲಿಲ್ಲ. ಯಂತ್ರಕ್ಕೂ ಹಣೆ ಇರುತ್ತದೆ ಎಂಬುದು ಅವರ ನಂಬಿಕೆ. ಕಣ್ಣಿನ ಪೊರೆ ಬಲಿತ ಮೇಲೆ ಹಣೆ ಎಲ್ಲಿದೆ ಎಂದು ಅವರು ಕೈಯಿಂದಲೇ ತಡವಿ ಹುಡುಕುತ್ತಿದ್ದರು. ಹೋದ ವರ್ಷ ಹೊಸ ಜೆರಾಕ್ಸ್ ಯಂತ್ರದ ಗಾಜಿಗೇ ಹಚ್ಚಿದ್ದರು. ಪ್ರತಿ ಹಾಳೆಯಲ್ಲೂ ಮೂರು ಪಟ್ಟೆ ಬರತೊಡಗಿದಾಗ ಗುಮಾಸ್ತ ಲಕ್ಷ್ಮೀಕಾಂತ ಅದನ್ನು ಒದ್ದೆ ಬಟ್ಟೆಯಲ್ಲಿ ಒರೆಸಿದ. ಅವನು ಈಗ ಕುಂಸಿಯಲ್ಲಿ ಎಮ್ಮೆ ಸಾಕಿಕೊಂಡಿದ್ದಾನೆ.

ವರ್ಕ್‌ಶಾಪಿನ ಮುಂದೆ ಶಾಮಿಯಾನ ಹಾಕಿದ್ದರು. ಶಿವಯೋಗಿ ಎಂಜಿನ್ನಿನ ಕೆಳಗೆ ಮಲಗಿ ಡೀಸೆಲ್ ಪೈಪು ಬಿಗಿಯುತ್ತಿದ್ದಾಗ ಮೇಲೆ ಬಳೆ ಸದ್ದಾಯಿತು. ಗಾಬರಿಯಿಂದ ಹೊರಗೆ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ದುಂಡಗೆ, ಬೆಳ್ಳಗೆ, ಎದುರಿಗೇ ಇದ್ದ ಗೇಜಿನ ಮುಖವನ್ನು ಬಿಟ್ಟು ಆ ಎಂಜಿನ್ನಿನಲ್ಲಿ ಬೇರೆ ಹಣೆಯಾದರೂ ಎಲ್ಲಿತ್ತು? ಗಾಜಿನ ತುಂಬ ಗಟ್ಟಿ ವಿಭೂತಿ, ನಟ್ಟನಡುವೆ ಕುಂಕುಮ. ಮುಳ್ಳೂ ಇಲ್ಲ, ಕೆಂಪು ಗೆರೆಯೂ ಇಲ್ಲ.

ಶಿವಯೋಗಿ ಕರ್ಚೀಫು ತೆಗೆದ. ಜಗದಾಂಬಾ ಅವರು ಮುಂದಿನ ಸಾಲಿನ ಸೋಫಾದಲ್ಲಿ ಕೂತು ಎಂಜಿನ್ನಿಗೇ ಕೈಮುಗಿಯುತ್ತಿದ್ದರು. ಪಕ್ಕದಲ್ಲಿ ವೀರಪ್ಪನವರು ತಾಯಿಯನ್ನೇ ನೋಡುತ್ತಿದ್ದರು. ಶಿವಯೋಗಿ ಕರ್ಚೀಫಿನಿಂದ ತನ್ನ ಮುಖ ಒರೆಸಿಕೊಂಡು ಅದನ್ನು ವಾಪಸ್ಸು ಜೇಬಿಗೆ ಇಟ್ಟ.

ಹೆದರಬೇಕಾಗಿಲ್ಲ ಎಂದು ತನಗೆ ತಾನೇ ಹೇಳಿಕೊಂಡ. ಒತ್ತಡ ಹೆಚ್ಚಾದರೆ ತಾನಾಗಿ ಬಾಯಿಬಿಟ್ಟು ಉಗಿಯನ್ನು ಹೊರಗೆ ಬಿಡುವ ಸೇಫ್ಟಿ ವಾಲ್ವ್ ಇತ್ತು. ಹ್ಯಾಂಡಲ್ ತಿರುಗಿಸಿದ. ಎಂಜಿನ್ನು ಒಂದು ಸಲ ಕೆಮ್ಮಿ ಟುಕ್ ಟುಕ್ ಎಂದು ಶುರುವಾಯಿತು. ಅದಕ್ಕೆ ಜೋಡಿಸಿದ್ದ ಡೈನಮೋದಿಂದ ವೇದಿಕೆಯ ಬಲ್ಬುಗಳು ಮಂಕಾಗಿ ಹೊತ್ತಿಕೊಂಡವು. ಉಗಿಯೂ ಸೇರಿಕೊಂಡರೆ ಅವು ಜಗಮಗಿಸಬೇಕು, ಅದೇ ಪ್ರಯೋಗ. ಉಗಿಯನ್ನು ಪಿಸ್ಟನ್ನಿಗೆ ಬಿಡುವ ತಿರುಪಿಗೆ ಕೆಂಪು ರಿಬ್ಬನ್ನು ಕಟ್ಟಿದ್ದರು. ಅದನ್ನು ತಿರುಗಿಸುವ ಹಕ್ಕು ಅಧ್ಯಕ್ಷರದು ಮಾತ್ರ, ಅದೂ ಭಾಷಣ ಮುಗಿದ ಮೇಲೆ.

ವೀರಪ್ಪನವರು ಭಾಷಣ ಶುರು ಮಾಡಿದರು. ಎಂಜಿನ್ನು ಓಡುತ್ತಿತ್ತು, ನೀರು ಕಾಯುತ್ತಿತ್ತು, ಉಗಿ ಹೋಗಲು ದಾರಿಯಿಲ್ಲದೆ ಬಾಯ್ಲರಿನಲ್ಲೇ ಕೂಡಿಕೊಳ್ಳುತ್ತಿತ್ತು. ಅಧ್ಯಕ್ಷರು ತಮ್ಮ ಬಾಲ್ಯದಿಂದ ಹೊರಟು ಇನ್ನೂ ಮೊದಲ ಗಿರಣಿಗೆ ಬಂದಿರಲಿಲ್ಲ. ಶಿವಯೋಗಿ ಸೇಫ್ಟಿ ವಾಲ್ವಿನ ಸದ್ದಿಗೆ ಕಿವಿಗೊಟ್ಟು ಕೂತ. ಈ ಹೊತ್ತಿಗೆ ಅದು ಬುಸ್ ಎನ್ನಬೇಕಿತ್ತು. ಅನ್ನಲಿಲ್ಲ.

ಆಗ ವರ್ಕ್‌ಶಾಪಿನ ಬೋಧಕ ಭೂತಪ್ಪ ಪಕ್ಕಕ್ಕೆ ಬಂದು ಕುಕ್ಕರುಗಾಲಲ್ಲಿ ಕೂತ. ಕರೆಯದೆ ಸಹಾಯಕ್ಕೆ ಬರುವುದು ಅವನ ದೊಡ್ಡ ಗುಣ.

“ನೀವು ಕೈ ತೊಳೆಯೋಕೆ ಹೋದಾಗ ನೋಡ್ದೆ ಮಾರಾಯ್ರೆ, ಆ ವಾಲ್ವಿನ ಸ್ಪ್ರಿಂಗು ಲೂಸಿತ್ತು. ಉಗಿ ಲೀಕಾಗಿ ಅಧ್ಯಕ್ಷರ ಮುಂದೆ ಮರ್ಯಾದೆ ಹೋಗ್ತಿತ್ತು. ಫುಲ್ ಟೈಟ್ ಮಾಡಿದೀನಿ, ಇನ್ನು ಒಂದು ತೊಟ್ಟೂ ಹೊರಗೆ ಬರಲ್ಲ.”

ಶಿವಯೋಗಿ ಲೆಕ್ಕ ಹಾಕಿದ. ಎಂಜಿನ್ನು ನಿಲ್ಲಿಸೋಣವೆಂದರೆ ಪ್ರಯೋಗ ಕೆಟ್ಟಿತು, ಹುದ್ದೆ ಹೋಯಿತು. ನಿಲ್ಲಿಸದಿದ್ದರೆ ಬಾಯ್ಲರು ಹೋಗುತ್ತದೆ, ಜೊತೆಗೆ ಮುಂದಿನ ಸಾಲೂ ಹೋಗುತ್ತದೆ. ಮೂರನೇ ಸಾಲಿನಲ್ಲಿ ಅಮೂಲ್ಯ ರೇಷ್ಮೆ ಸೀರೆ ಉಟ್ಟು, ತವರಿನವರನ್ನೂ ಕರೆತಂದು ಕೂತಿದ್ದಳು. ಎಷ್ಟು ಒತ್ತಡವಿದೆ ಎಂದು ಒಮ್ಮೆ ತಿಳಿದರೆ ಸಾಕಾಗಿತ್ತು. ಗೇಜು ಮಾತ್ರ ಧ್ಯಾನಕ್ಕೆ ಕೂತ ಸ್ವಾಮಿಯ ಹಾಗೆ ಮುಖ ಮುಚ್ಚಿಕೊಂಡಿತ್ತು. ವಿಭೂತಿ ಬಿಸಿಗೆ ಒಣಗಿ ಗಾರೆಯಂತಾಗಿತ್ತು. ಬಾಯ್ಲರಿನ ಬೆಸುಗೆಯೊಂದು ಸಣ್ಣಗೆ ಟಿಕ್ ಎಂದಿತು. ಭೂತಪ್ಪನಿಗೂ ಅದು ಕೇಳಿಸಿತು. ಅವನು ಮೆಲ್ಲಗೆ ಎದ್ದು, ಫೋನು ಬಂದವನ ಹಾಗೆ ಕಿವಿಗೆ ಕೈಯಿಟ್ಟು ಗೇಟಿನ ಕಡೆ ನಡೆದ.

ಪೂಜೆಗೆ ಒಡೆದ ತೆಂಗಿನಕಾಯಿಯ ನೀರು ಒಂದು ಚೊಂಬಿನಲ್ಲಿತ್ತು. ಅದರ ಮೇಲೆ ಕಣ್ಣು ಬಿದ್ದದ್ದೇ ಶಿವಯೋಗಿಗೆ ಹೊಳೆಯಿತು. ಒರೆಸಿದರೆ ಅಪಚಾರ, ಅಭಿಷೇಕ ಮಾಡಿದರೆ ಯಾರೂ ಏನೂ ಅನ್ನುವಂತಿಲ್ಲ. ಚೊಂಬು ಎತ್ತಿ, ಕಣ್ಣು ಮುಚ್ಚಿ, ತುಟಿ ಅಲ್ಲಾಡಿಸುತ್ತ ಗೇಜಿನ ಮೇಲೆ ಧಾರೆಯಾಗಿ ಸುರಿದ. ಜಗದಾಂಬಾ ಅವರಿಗೆ ಭಕ್ತಿಯಿಂದ ಕಣ್ಣು ತುಂಬಿ ಬಂತು. ವಿಭೂತಿ ಕರಗಿ ಇಳಿಯಿತು. ಮುಳ್ಳು ಕಂಡಿತು. ಅದು ಕೆಂಪು ಗೆರೆ ದಾಟಿ, ಮುಂದೆ ಹೋಗಲು ಜಾಗವಿಲ್ಲದೆ ಕೊನೆಯ ಮೊಳೆಗೆ ಒತ್ತಿಕೊಂಡು ನಡುಗುತ್ತಿತ್ತು.

ಮುಂದೆ ಮಾಡಿದ್ದನ್ನು ಶಿವಯೋಗಿ ಯೋಚಿಸಿ ಮಾಡಲಿಲ್ಲ. ವೇದಿಕೆಗೆ ಹಾರಿ, ಎರಡನೇ ಗಿರಣಿಯ ಭೂಮಿಪೂಜೆಯಲ್ಲಿದ್ದ ಅಧ್ಯಕ್ಷರ ಮುಂಗೈ ಹಿಡಿದು ಎಳೆದುಕೊಂಡು ಬಂದ. ಅವರು ಏನಯ್ಯಾ ಇದು ಎನ್ನುವಷ್ಟರಲ್ಲಿ ಅವರದೇ ಕೈಯನ್ನು ತಿರುಪಿನ ಮೇಲಿಟ್ಟು, ರಿಬ್ಬನ್ನು ಸಮೇತ ಪೂರ್ತಿ ತಿರುಗಿಸಿದ.

ಎಂಜಿನ್ನು ನೆಲ ಬಿಟ್ಟು ಒಂದು ಗೇಣು ಎದ್ದ ಹಾಗಾಯಿತು. ಬಲ್ಬುಗಳು ಹಗಲಲ್ಲೂ ಕಣ್ಣು ಕೋರೈಸಿದವು, ಎರಡು ಒಡೆದೇ ಹೋದವು. ಎಲ್ಲೋ ಒಂದು ಜಾಯಿಂಟು ಕಿತ್ತು, ಬಿಳಿ ಉಗಿ ಮೇಲಕ್ಕೆ ನುಗ್ಗಿ ಶಾಮಿಯಾನಕ್ಕೆ ಬಡಿದು ಎಲ್ಲರ ಮೇಲೂ ಇಳಿಯಿತು. ಕುರ್ಚಿಗಳು ಉರುಳಿದವು. ಉಗಿ ಚದುರಿದಾಗ ವೀರಪ್ಪನವರು ತೊಯ್ದ ರೇಷ್ಮೆ ಜುಬ್ಬದಲ್ಲಿ, ಕೈಯಲ್ಲಿ ರಿಬ್ಬನ್ನು ಹಿಡಿದು ನಿಂತಿದ್ದರು. ಮುಳ್ಳು ಕೆಳಗೆ ಇಳಿದಿತ್ತು. ಎಂಜಿನ್ನು ಏನೂ ಆಗದ ಹಾಗೆ, ಮೊದಲಿಗಿಂತ ಜೋರಾಗಿ ಓಡುತ್ತಿತ್ತು. ಪ್ರಾಣ ಉಳಿಯಿತು, ಕೆಲಸ ಹೋಯಿತು ಎಂದು ಶಿವಯೋಗಿ ಅಂದುಕೊಂಡ.

ಅಧ್ಯಕ್ಷರು ಉರಿಯುವ ಬಲ್ಬುಗಳನ್ನೇ ಬಹಳ ಹೊತ್ತು ನೋಡಿದರು. ಆಮೇಲೆ ಮೈಕು ತರಿಸಿ ಅದರಲ್ಲೇ ಕೇಳಿದರು.

“ಇಷ್ಟೂ ಶಕ್ತಿ ಇಷ್ಟು ದಿನ ದಂಡವಾಗಿ ಹೋಗ್ತಿತ್ತೇನಪ್ಪಾ?”

“ಹೂಂ ಸಾರ್, ಹೊಗೆಯಾಗಿ ಹೋಗ್ತಿತ್ತು,” ಎಂದ ಶಿವಯೋಗಿ. ಅವನಿಗೆ ಜೀವ ಬಂದಿತ್ತು.

“ಅಲ್ಲಾ, ಮೇಲಿಂದ, ಕೆಳಗಿಂದ, ಎರಡೂ ಕಡೆಯಿಂದ ತಳ್ಳಿದ್ರೆ ಪಿಸ್ಟನ್ನು ತಡ್ಕೊಳ್ಳುತ್ತಾ?”

“ಆರಾಮಾಗಿ ತಡ್ಕೊಳ್ಳುತ್ತೆ ಸಾರ್. ಇಷ್ಟು ದಿನ ಅರ್ಧ ಹೊತ್ತು ಸುಮ್ನೆ ಇರ್ತಿತ್ತು, ಅಷ್ಟೇ.”

“ಅದಕ್ಕೆ ಅಂತ ಎಣ್ಣೆ ಜಾಸ್ತಿ ಹಾಕ್ಬೇಕಾ?”

“ಒಂದು ತೊಟ್ಟೂ ಬೇಡ ಸಾರ್. ಅದೇ ಎಣ್ಣೇಲಿ ಎರಡು ಕೆಲಸ.” ಮೂರನೇ ಸಾಲಿನಲ್ಲಿ ತವರಿನವರು ತಲೆದೂಗುವುದು ಅವನಿಗೆ ಕಾಣಿಸಿತು. ಇಂಥ ಚುರುಕಾದ ಪ್ರಶ್ನೆಗಳನ್ನು ಅವನ ವಿದ್ಯಾರ್ಥಿಗಳು ಕೂಡ ಕೇಳಿರಲಿಲ್ಲ.

ವೀರಪ್ಪನವರು ಅವನ ಹೆಗಲ ಮೇಲೆ ಕೈಯಿಟ್ಟು ಸಭೆಯ ಕಡೆ ತಿರುಗಿದರು. ಇವತ್ತು ಈ ಮನುಷ್ಯ ತಮ್ಮ ಕಣ್ಣು ತೆರೆಸಿದ ಎಂದರು. ಸಂಸ್ಥೆ ನಡೆಸುವುದು ಹೇಗೆಂದು ಇಷ್ಟು ವರ್ಷದಲ್ಲಿ ಯಾರೂ ತಮಗೆ ಹೀಗೆ ತಿಳಿಸಿರಲಿಲ್ಲ ಎಂದರು. ಶ್ರೀನಿವಾಸಮೂರ್ತಿಯವರ ಹುದ್ದೆಯ ಬಗ್ಗೆ ತೀರ್ಮಾನ ಮಾಡಿದ್ದಾಗಿ ಹೇಳಿದಾಗ ಅಮೂಲ್ಯ ಸೆರಗು ಸರಿಮಾಡಿಕೊಂಡಳು.

“ಆ ಹುದ್ದೆ ಇನ್ನು ತುಂಬೋದೇ ಬೇಡ. ರದ್ದು ಮಾಡಿದೀವಿ. ಶಿವಯೋಗಿಯವರು ಬೆಳಿಗ್ಗೆ ಪಾಠ ಮುಗಿಸಿ ಮಧ್ಯಾಹ್ನ ಸ್ಟಾಫ್ ರೂಮಲ್ಲಿ ಕೂತಿರ್ತಾರೆ. ಅದೇ ಹೊಗೆ. ನಾಳೆಯಿಂದ ಆ ಹೊತ್ತಲ್ಲಿ ಮೂರ್ತಿಯವರ ಕ್ಲಾಸೆಲ್ಲ ಇವರೇ ತಗೋತಾರೆ, ಈಗಿರೋ ಸಂಬಳದಲ್ಲೇ, ಈಗಿರೋ ಹಾಗೇ. ತಡ್ಕೋತೀನಿ ಅಂತ ಅವರೇ ಹೇಳಿದ್ದನ್ನ ಎಲ್ಲರೂ ಕೇಳಿದೀರಿ.”

ಚಪ್ಪಾಳೆ ಬಿತ್ತು. ಎಲ್ಲರೂ ತಟ್ಟುತ್ತಿದ್ದುದರಿಂದ ಶಿವಯೋಗಿಯೂ ತಟ್ಟಿದ. ಅಧ್ಯಕ್ಷರು ಕಾರು ಹತ್ತುವ ಮೊದಲು ಅವನನ್ನು ಹತ್ತಿರ ಕರೆದು, ಯಾರಿಗೂ ಕೇಳದ ಹಾಗೆ ದನಿ ತಗ್ಗಿಸಿದರು.

“ಶಿವಯೋಗಿ, ಆ ಪಿಸ್ಟನ್ನನ್ನ ಪಕ್ಕದಿಂದಲೂ ತಳ್ಳೋಕೆ ಏನಾದ್ರೂ ದಾರಿ ಇದೆಯಾ? ಲೈಬ್ರರಿ ನೋಡ್ಕೊಳ್ಳೋರು ಸಂಕ್ರಾಂತಿಗೆ ರಿಟೈರ್ ಆಗ್ತಿದಾರೆ.”