ಸಾಹೇಬರಿಗೆ ಹೊದಿಸಿದ ಕಂಬಳಿ

ಸರ್ಕಾರದಿಂದ ಕೆಲಸ ಮಾಡಿಸಿಕೊಳ್ಳುವುದು ನನಗೆ ನೀರು ಕುಡಿದಷ್ಟು ಸುಲಭವೆಂದು ನಂಬಿದ್ದ ಕಾಲವೊಂದಿತ್ತು. ಶಾಲೆಯ ಮೇಷ್ಟರಾಗಿದ್ದ ನಾನೇ ನಮ್ಮೂರ ಕಂಬಳಿ ನೇಕಾರರ ಸಂಘಕ್ಕೆ ಕಾರ್ಯದರ್ಶಿ. ಕಾರಣವಿಷ್ಟೇ, ಊರಲ್ಲಿ ಕೋಟು ಇದ್ದದ್ದು ನನಗೊಬ್ಬನಿಗೇ!

ಕಂಬಳಿ ನೇಯಬೇಕಾದರೆ ಮೊದಲು ಉಣ್ಣೆ ನೂಲನ್ನು ಬಯಲಲ್ಲಿ ಉದ್ದಕ್ಕೆ ಹಾಸಿ, ಹುಣಸೆಬೀಜದ ಗಂಜಿ ಬಳಿದು ಒಣಗಿಸಬೇಕು. ಮಳೆ ಹಿಡಿದರೆ ಎಲ್ಲವೂ ನಿಂತಂತೆಯೇ. ಇಂಥ ಸಂಘಗಳಿಗೆ ತಗಡಿನ ಮಾಡು ಹಾಕಿಸಿಕೊಡಲು ಮಹಾರಾಜರ ಸರ್ಕಾರ ಮನಸ್ಸು ಮಾಡಿದೆಯೆಂದೂ, ಯೋಗ್ಯರನ್ನು ಆರಿಸಲು ಬೆಂಗಳೂರಿನ ಸಾಹೇಬರು ಹುಣಸೂರಿಗೆ ಬಂದಿದ್ದಾರೆಂದೂ ತಿಳಿಯಿತು. ಗಂಡ ಸತ್ತ ಮೇಲೆ ನೂಲು ತೆಗೆದೇ ಮಕ್ಕಳನ್ನು ಸಾಕುತ್ತಿದ್ದ ನಿಂಗವ್ವ ನನ್ನಲ್ಲಿಗೆ ಬಂದಳು.

"ಮೇಷ್ಟ್ರೇ, ಒಂದು ಮಾಡು ಆಕ್ಸಿಕೊಟ್ಬುಡಿ. ಮಳೇಲೂ ನಮ್ ಒಲೆ ಉರೀತದೆ."

"ಆಯ್ತು ಅಂತಲೇ ತಿಳ್ಕೊ" ಎಂದೆ.

ಸಾಹೇಬರು ಬಂದರು, ಮಗ್ಗ ನೋಡಿದರು, ಮೆಚ್ಚಿದರು. ಅಲ್ಲಿಗೆ ನಾನು ಸುಮ್ಮನಿರಬಾರದಿತ್ತೆ? ಭಾಷಣ ಬಿಗಿದು, ಆಗತಾನೇ ಮಗ್ಗದಿಂದ ಇಳಿದ ಕಂಬಳಿಯನ್ನು ಅವರಿಗೆ ಹೊದಿಸಿದೆ. ನಮ್ಮ ಕಡೆ ಹೊಸ ಕಂಬಳಿಯನ್ನು ಗಂಜಿಯ ಸಮೇತವೇ ಕೊಡುವುದು. ನೀರು ಕಂಡಿಲ್ಲವೆಂಬುದೇ ಅದರ ಹೊಸತನಕ್ಕೆ ಸಾಕ್ಷಿ. ಕೊಂಡವರು ಹೊಳೆಯಲ್ಲಿ ಒಗೆದು ಹೊದೆಯುತ್ತಾರೆ. ಸಾಹೇಬರು ಮೋಡ ನೋಡಿ, ಹಲಗೆಯಂತೆ ಸೆಟೆದಿದ್ದ ಅದನ್ನು ಹೊದ್ದೇ ಗಾಡಿ ಹತ್ತಿದರು.

ಮನೆಯಲ್ಲಿ ಈ ವೈಭವವನ್ನು ವರ್ಣಿಸಿದಾಗ, ರಾಗಿ ಬೀಸುತ್ತಿದ್ದ ಹೆಂಡತಿ ಕಲ್ಲು ನಿಲ್ಲಿಸಿದಳು.

"ಒಗೆದು ಹೊದ್ಕಳಿ ಅಂತ ಯೋಳಿದ್ರಾ?"

"ಅದನ್ನೂ ಹೇಳಬೇಕೇನೇ? ಎಲ್ಲರಿಗೂ ಗೊತ್ತಿರೋದೇ."

"ನಮ್ಮೋರಿಗೆ ಗೊತ್ತು ಕಣ್ರೀ. ಬೆಂಗ್ಳೂರೋರಿಗೆ?"

ಹೊರಗೆ ಗುಡುಗಿತು.

ದಾರಿಯಲ್ಲಿ ಮಳೆ ಹೊಯ್ದು, ಗಂಜಿ ಕರಗಿ ಅಂಟಾಯಿತಂತೆ. ಕೋಟು, ರುಮಾಲು, ಕೊನೆಗೆ ಮೀಸೆಯನ್ನೂ ಬಿಡಲಿಲ್ಲವಂತೆ. ಹುಣಸೂರಿನಲ್ಲಿ ಅವರು ಇಳಿದುಕೊಂಡಿದ್ದ ಬಂಗಲೆಯ ಜವಾನನೂ ಅಡುಗೆಯವನೂ ಆಚೆಗೊಬ್ಬ ಈಚೆಗೊಬ್ಬ ನಿಂತು ಎಳೆದರಂತೆ! ಮರುದಿನ ಕ್ಷಮೆ ಕೇಳಲು ಓಡಿದೆ. ಸಾಹೇಬರು ಮುಖ ತೋರಿಸಲಿಲ್ಲ. ಮುಚ್ಚಿದ ಬಾಗಿಲ ಹಿಂದಿನಿಂದಲೇ ತೀರ್ಪು ಬಂತು: "ನಿಮ್ಮ ಸರಕು ಮಳೆಗೆ ನಿಲ್ಲುವುದಿಲ್ಲ." ತಗಡಿನ ಮಾಡು ಪಿರಿಯಾಪಟ್ಟಣದ ಕಡೆಯ ಬುಟ್ಟಿ ಹೆಣೆಯುವವರ ಪಾಲಾಯಿತು.

ಆಷಾಢದ ಜಡಿಮಳೆಯಲ್ಲಿ ಮಗ್ಗ ಮೂಲೆ ಸೇರಿತು. ಕಳೆ ಕೀಳುವ ಕೂಲಿ ಹುಡುಕಿಕೊಂಡು ನಿಂಗವ್ವ, ಹೊಳೆಯಲ್ಲಿ ಒಗೆದ ಕಂಬಳಿಯನ್ನು ತಲೆಯ ಮೇಲಿಂದ ಕೊಪ್ಪೆ ಹಾಕಿ ನಮ್ಮ ಮನೆಯ ಮುಂದೆಯೇ ಹೋದಳು. ಮಳೆ ಅವಳ ಮೇಲೆ ಧೋ ಎಂದು ಸುರಿಯುತ್ತಿತ್ತು, ಒಂದು ಹನಿಯೂ ಕಂಬಳಿಯೊಳಗೆ ಇಳಿಯುತ್ತಿರಲಿಲ್ಲ.

ನಮ್ಮೂರಲ್ಲಿ ಮಳೆಗೆ ನಿಲ್ಲದ ಸರಕು ಇದ್ದದ್ದು ಒಂದೇ. ಅದು ಕೋಟು ಹಾಕಿಕೊಂಡು ಜಗಲಿಯಲ್ಲಿ ಕೂತಿತ್ತು!