ಮಗುವಿನ ಗಾಡಿಯೂ ಗುಂಡುಕಲ್ಲೂ

ಎಳೆಗೂಸನ್ನು ಎತ್ತಿಕೊಳ್ಳಲು ಹೆದರುವ ಗಂಡಸರದ್ದು ಒಂದು ದೊಡ್ಡ ಪಂಗಡ. ನಮಗೆ ಸಂಘವಿಲ್ಲ, ಕಟ್ಟಿದರೂ ಸಭೆಗೆ ಯಾರೂ ಬರುವುದಿಲ್ಲ, ಏಕೆಂದರೆ ತಾನು ಆ ಪಂಗಡದವನೆಂದು ನಮ್ಮಲ್ಲಿ ಯಾರೂ ಒಪ್ಪಿಕೊಳ್ಳುವುದಿಲ್ಲ. ಕೂಸನ್ನು ಕೈಗೆ ಕೊಡಲು ಬಂದ ಕೂಡಲೇ ಒಬ್ಬನಿಗೆ ನೆಗಡಿ ಶುರುವಾಗುತ್ತದೆ, ಇನ್ನೊಬ್ಬನಿಗೆ ಯಾರದ್ದೋ ಫೋನು ಬರುತ್ತದೆ, ಮತ್ತೊಬ್ಬ ಕೈ ತೊಳೆದುಕೊಂಡು ಬರುತ್ತೇನೆಂದು ಹೋದವನು ಊಟದ ಹೊತ್ತಿಗೆ ಪ್ರತ್ಯಕ್ಷನಾಗುತ್ತಾನೆ. ನಾನು ಮಧುಗಿರಿಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು. ಭೂಮಿ ಎಲ್ಲವನ್ನೂ ತನ್ನ ಕಡೆಗೆ ಎಳೆದುಕೊಳ್ಳುತ್ತದೆಂದು ವರ್ಷವರ್ಷವೂ ಪಾಠ ಮಾಡುವವನಿಗೆ ಕೂಸು ಕಂಡೊಡನೆ ಮೊದಲು ನೆನಪಾಗುವುದು ಆ ಪಾಠವೇ. ಇದನ್ನು ನಾನು ಯಾರಿಗೂ ಹೇಳಿರಲಿಲ್ಲ. ನಿಮಗೆ ಹೇಳುತ್ತಿದ್ದೇನೆ, ನಿಮ್ಮಲ್ಲೇ ಇರಲಿ.

ನನ್ನ ಹೆಂಡತಿ ಶೈಲಾ ಬಾಣಂತನಕ್ಕೆ ಕೊಡಿಗೇನಹಳ್ಳಿಯ ತವರಿನಲ್ಲಿದ್ದಳು. ಮಗಳನ್ನು ನೋಡಲು ಭಾನುವಾರ ಬಂತೆಂದರೆ ಬಸ್ಸು ಹತ್ತುತ್ತಿದ್ದೆ. ನೋಡಲು ನನಗೆ ಯಾವ ತೊಂದರೆಯೂ ಇರಲಿಲ್ಲ, ಗಂಟೆಗಟ್ಟಲೆ ನೋಡುತ್ತಿದ್ದೆ. ಅವಳು ಆಕಳಿಸಿದರೆ ನನ್ನ ಎದೆಯೊಳಗೆ ಏನೋ ಕರಗಿದ ಹಾಗಾಗುತ್ತಿತ್ತು. ಆದರೆ ಅತ್ತೆಯವರು "ತಗಳಪ್ಪ, ಒಂದ್ ಗಳಿಗೆ ಎತ್ಕ" ಎಂದು ಬಳಿಗೆ ಬಂದರೆ ಎರಡೂ ಕೈಯಲ್ಲಿ ಫೋನು ಹಿಡಿದು ಫೋಟೋ ತೆಗೆಯಲು ನಿಲ್ಲುತ್ತಿದ್ದೆ. ಎರಡೂ ಕೈಯಲ್ಲಿ ಕೆಲಸವಿರುವವನಿಗೆ ಯಾರು ತಾನೆ ಕೂಸು ಕೊಡುತ್ತಾರೆ? ಈ ಉಪಾಯ ಬಹಳ ವಾರ ನಡೆಯಿತು. ಕೊನೆಗೆ ಶೈಲಾ ಹೇಳಿದಳು: "ರೀ, ಮಗು ನಿಮ್ಮನ್ನ ಕ್ಯಾಮೆರಾ ಅಂದ್ಕೊಂಡಿದೆ. ಅಪ್ಪ ಅಂತ ಒಬ್ಬ ಇದಾನೆ ಅನ್ನೋದು ಅದಕ್ಕೆ ಯಾವಾಗ ಗೊತ್ತಾಗ್ಬೇಕು? ನಾವು ಅಲ್ಲಿಗೆ ಬಂದ್ಮೇಲೆ ಸಾಯಂಕಾಲದ ಹೊತ್ತು ಮಗು ನಿಮ್ದು. ನಾನು ಸ್ನಾನ ಮಾಡ್ಬೇಕು, ಒಂದು ಲೋಟ ಕಾಫಿ ಕೂತ್ಕೊಂಡು ಕುಡೀಬೇಕು."

ನ್ಯಾಯವಾದ ಮಾತು. ಅದಕ್ಕೇ ಹೆದರಿಕೆಯಾಯಿತು. ಆ ರಾತ್ರಿ ಫೋನು ತಿರುವುತ್ತಿದ್ದಾಗ ಯಾವುದೋ ದೇಶದ ಅಪ್ಪಂದಿರು ಉದ್ಯಾನವನದಲ್ಲಿ ಮಗುವಿನ ಗಾಡಿ ತಳ್ಳಿಕೊಂಡು ಹೋಗುವ ವಿಡಿಯೋ ಕಂಡಿತು. ಒಂದು ಕೈಯಲ್ಲಿ ಗಾಡಿ, ಇನ್ನೊಂದು ಕೈಯಲ್ಲಿ ಕಾಫಿ. ಮಗುವನ್ನು ಒಬ್ಬನೂ ಮುಟ್ಟಿರಲಿಲ್ಲ! ಆದರೂ ಎಲ್ಲರೂ ಅಪ್ಪಂದಿರೇ. ನನ್ನ ಪಂಗಡದ ಯಾವನೋ ಪುಣ್ಯಾತ್ಮ ಇದನ್ನು ಕಂಡುಹಿಡಿದಿದ್ದಾನೆಂದು ಆಗಲೇ ಖಾತ್ರಿಯಾಯಿತು.

ಅಲ್ಲಿಂದ ಸರಿಯಾದ ಗಾಡಿಯನ್ನು ಆರಿಸುವ ತಪಸ್ಸು. ಮೂರು ಚಕ್ರವೋ ನಾಲ್ಕೋ, ಮಗು ನಮ್ಮ ಕಡೆ ಮುಖ ಮಾಡಬೇಕೋ ರಸ್ತೆಯ ಕಡೆಗೋ, ಬ್ರೇಕು ಕೈಯಲ್ಲಿರಬೇಕೋ ಕಾಲಲ್ಲೋ, ಒಂದನ್ನೂ ಬಿಡದೆ ಓದಿದೆ. ಬಿ.ಎಡ್.ಗೂ ನಾನು ಇಷ್ಟು ಓದಿರಲಿಲ್ಲ. ಮಧುಗಿರಿಯ ಅಂಗಡಿಗಳಲ್ಲಿ ತೊಟ್ಟಿಲು ಸಿಕ್ಕಿತು, ವಾಕರ್ ಸಿಕ್ಕಿತು, "ಗಾಡಿ ಯಾಕ್ ಸಾ, ಸೊಂಟ ಇಲ್ವಾ?" ಎಂಬ ಪ್ರಶ್ನೆಯೂ ಸಿಕ್ಕಿತು. ಸಿರಾದಲ್ಲಿ ಮಕ್ಕಳ ಸಾಮಾನಿನ ದೊಡ್ಡ ಅಂಗಡಿಯಿದೆಯೆಂದು ಯಾರೋ ಹೇಳಿದ್ದೇ ತಡ, ಅಲ್ಲಿಗೆ ಹೋದೆ. ಬಿಳಿಗಡ್ಡದ ಸಾಹೇಬರು ಗಾಡಿಗಳನ್ನು ಸಾಲಾಗಿ ನಿಲ್ಲಿಸಿದರು. ನಾನು ಬಗ್ಗಿ ಸ್ಪ್ರಿಂಗು ಒತ್ತಿದೆ, ಚಕ್ರ ತಿರುಗಿಸಿದೆ, ಘರ್ಷಣೆಯ ಬಗ್ಗೆ ಸಣ್ಣ ಭಾಷಣವನ್ನೂ ಮಾಡಿದೆ. ಅವರು ತಾಳ್ಮೆಯಿಂದ ಕೇಳಿ, "ಅಚ್ಛಾ ಸಾರ್, ಬಚ್ಚಿ ತೂಕ ಎಷ್ಟು?" ಎಂದರು.

ನನಗೆ ಗೊತ್ತಿರಲಿಲ್ಲ.

"ಡಾಕ್ಟರ್ ಬರ್ದಿದ್ದು ಬ್ಯಾಡ ಸಾರ್. ಎತ್ಕೊಂಡಾಗ ಕೈಗೆ ಎಷ್ಟು ಅನ್ಸ್ತದೆ? ಅಂದಾಜ್ ಹೇಳಿ."

ನಾನು ಗೋಡೆಯ ಕ್ಯಾಲೆಂಡರನ್ನು ನೋಡಿದೆ. "ಒಂದು ಸಾಧಾರಣ ಹಲಸಿನ ಹಣ್ಣಿನಷ್ಟು ಇರಬಹುದು" ಎಂದೆ. ಸಾಹೇಬರು ನನ್ನ ಮುಖವನ್ನೊಮ್ಮೆ ನೋಡಿದರು. ನಾನು ಯಾವ ನಮೂನೆಯ ಗಿರಾಕಿಯೆಂದು ಅವರಿಗೆ ಅರ್ಥವಾಗಿರಬೇಕು. ಏಣಿ ಹಾಕಿಸಿ ಅಟ್ಟದ ಮೇಲಿಂದ ಅಂಗಡಿಯಲ್ಲೇ ತುಟ್ಟಿಯಾದ ಗಾಡಿಯನ್ನು ಇಳಿಸಿದರು. "ಇದು ಬಿಲ್ಕುಲ್ ನಿಮ್ಮಂಥೋರ್ಗೇ ಸಾರ್" ಎಂದರು. ಚೌಕಾಸಿ ಮಾಡುವ ಧೈರ್ಯ ನನ್ನಲ್ಲಿ ಉಳಿದಿರಲಿಲ್ಲ.

ಬಸ್ಸಿನಲ್ಲಿ ಕಂಡಕ್ಟರು ಗಾಡಿಯನ್ನೂ ನನ್ನನ್ನೂ ನೋಡಿ, "ಮಗ ಇದ್ರೆ ಲಗೇಜ್ ಹಾಕಾಕಿಲ್ಲ ಸಾ. ಮಗ ಎಲ್ಲೈತೆ?" ಎಂದ. ಕೊಡಿಗೇನಹಳ್ಳಿಯಲ್ಲಿ ಎಂದೆ. "ಮಗ ಅಲ್ಲಿ, ಗಾಡಿ ಇಲ್ಲಿ, ಮಧ್ಯದಾಗೆ ನೀವು" ಎಂದು ಲಗೇಜಿನ ಟಿಕೆಟ್ ಹರಿದುಕೊಟ್ಟ. ಬಸ್ಸಿಗೆ ಬಸ್ಸೇ ನಕ್ಕಿತು. ನನ್ನ ಸಂಸಾರದ ಸ್ಥಿತಿಯನ್ನು ಇಷ್ಟು ಚಿಕ್ಕದಾಗಿ ಹೇಳಲು ನನಗೇ ಬರುತ್ತಿರಲಿಲ್ಲ.

ಮನೆಗೆ ಬಂದರೆ ಅಮ್ಮ ಹೊಸ್ತಿಲಲ್ಲೇ ಅಡ್ಡ ನಿಂತಳು. "ಬರೀ ಗಾಡಿ ತಳ್ಕಂಡು ಒಳೀಕ್ ಬರ್ಬ್ಯಾಡ ಕಣ್ಲಾ. ಬರೀ ತೊಟ್ಲು ತೂಗ್ಬಾರ್ದು ಅಂತ ಗೊತ್ತಿಲ್ವಾ?"

"ಅಮ್ಮಾ, ಇದು ತೊಟ್ಟಿಲಲ್ಲ. ಗಾಡಿ."

"ಮಗ ಮಲ್ಗಾದು ಯಾವ್ದಾದ್ರೂ ತೊಟ್ಲೇಯ. ಹೋಗು, ಗುಂಡುಕಲ್ಲು ತಂದು ಮಡಗು."

ನಮ್ಮ ಕಡೆ ನಾಮಕರಣದ ದಿನ ತೊಟ್ಟಿಲಲ್ಲಿ ಮೊದಲು ಮಲಗುವುದು ಕೂಸಲ್ಲ, ರುಬ್ಬುವ ಕಲ್ಲಿನ ಗುಂಡು. ಅದಕ್ಕೆ ಅರಿಶಿನ ಕುಂಕುಮ ಹಚ್ಚಿ, ಬಟ್ಟೆ ಸುತ್ತಿ, ತೂಗಿ, ಆಮೇಲೆಯೇ ಕೂಸಿನ ಸರದಿ. ಮಿಕ್ಸಿ ಬಂದ ಮೇಲೆ ನಮ್ಮ ಮನೆಯ ಗುಂಡುಕಲ್ಲಿಗೆ ಇದೊಂದೇ ಉದ್ಯೋಗ. ಹಿತ್ತಿಲಿಂದ ಅದನ್ನು ಎದೆಗವಚಿಕೊಂಡು ತಂದು ಗಾಡಿಯಲ್ಲಿಟ್ಟೆ. "ಇದ್ನ ಎತ್ಕಳಾಕೆ ನಿಂಗೆ ಒಂಚೂರೂ ಭಯ ಇಲ್ವಲ್ಲ" ಎಂದಳು ಅಮ್ಮ. ಅವಳಿಗೂ ಗೊತ್ತಿತ್ತು ಅಂತಾಯಿತು. ಕಲ್ಲು ಬಿದ್ದರೆ ಪೆಟ್ಟು ನೆಲಕ್ಕೆ ತಾನೆ ಎಂದು ನಾನು ಮನಸ್ಸಿನಲ್ಲೇ ಉತ್ತರ ಕೊಟ್ಟುಕೊಂಡೆ. ಅಮ್ಮ ಕಲ್ಲಿಗೆ ಹಳೆ ಸೀರೆಯ ತುಂಡು ಹೊದಿಸಿ, ಮೊಮ್ಮಗಳಿಗೆಂದು ಹೆಣೆದಿದ್ದ ಕುಲಾವಿ ತೊಡಿಸಿದಳು.

ಸುಮ್ಮನೆ ಕೂರುವ ಬದಲು ಅಭ್ಯಾಸವಾದರೂ ಆಗಲಿ ಎಂದು ದಿನಾ ಸಾಯಂಕಾಲ ಕಲ್ಲನ್ನು ವಾಯುಸೇವನೆಗೆ ಕರೆದೊಯ್ಯತೊಡಗಿದೆ. ಚರಂಡಿಯ ಚಪ್ಪಡಿ, ರಸ್ತೆಯುಬ್ಬು, ಅಡ್ಡ ಮಲಗಿದ ಹಸು, ಎಲ್ಲವನ್ನೂ ಕಲ್ಲಿಗೆ ಗೊತ್ತಾಗದಂತೆ ದಾಟಿಸುವ ಕೈಚಳಕ ಬಂತು. ಒಂದು ದಿನ ಮುಸ್ಸಂಜೆಯಲ್ಲಿ ಎದುರುಮನೆಯ ಗೌರಕ್ಕ ಅಡ್ಡ ಬಂದರು. ಅವರಿಗೆ ಕಣ್ಣು ಅಷ್ಟಕ್ಕಷ್ಟೇ. ಬಗ್ಗಿ ನೋಡಿ ಲಟಿಕೆ ಮುರಿದು, "ಅಯ್ಯೋ ನನ್ ಕಂದ! ಎಷ್ಟು ಸಮಾಧಾನ್ದ ಮಗ, ಒಂಚೂರೂ ಅಳಾಕಿಲ್ಲ. ಬಣ್ಣ ಮಾತ್ರ ಅಪ್ಪಂದೇ ಬುಡು" ಎಂದರು. ಕಲ್ಲೆಂದು ಹೇಳಬಹುದಿತ್ತು. ಹೇಳಲಿಲ್ಲ. "ಹೌದು, ಬಹಳ ಸಮಾಧಾನ" ಎಂದು ಹೆಮ್ಮೆಯಿಂದಲೇ ಮುಂದೆ ತಳ್ಳಿದೆ. ಕಲ್ಲಿನ ಮಟ್ಟಿಗೆ ನಾನು ಒಳ್ಳೆಯ ಅಪ್ಪನಾಗಿದ್ದೆ.

ಮೂರನೇ ತಿಂಗಳಲ್ಲಿ ಒಳ್ಳೆಯ ದಿನ ನೋಡಿ ಶೈಲಾ ಮಗಳೊಂದಿಗೆ ಬಂದಳು. ಅಮ್ಮ ಆರತಿ ಎತ್ತಿದಳು. ಗುಂಡುಕಲ್ಲು ಹಿತ್ತಿಲಿಗೆ ವಾಪಸಾಯಿತು. ಸಾಯಂಕಾಲವಾಯಿತು. ಶೈಲಾ ಮಗಳನ್ನು ಗಾಡಿಯಲ್ಲಿ ಮಲಗಿಸಿ, ನನ್ನ ಕಡೆ ಒಂದು ನೋಟ ಹರಿಸಿ, ಟವಲು ಹೆಗಲಿಗೇರಿಸಿಕೊಂಡು ಬಚ್ಚಲಿಗೆ ಹೋದಳು. ಅಮ್ಮ ದೇವಸ್ಥಾನಕ್ಕೆ ಹೋಗಿದ್ದಳು. ನಾನು ವಿಡಿಯೋದ ಅಪ್ಪನಂತೆ ಬೆನ್ನು ನೆಟ್ಟಗೆ ಮಾಡಿ ಹೊರಟೆ. ಗೌರಕ್ಕನ ಮನೆ ದಾಟುವ ಮೊದಲೇ ಮಗಳ ತುಟಿ ಸೊಟ್ಟಗಾಯಿತು. ಹೊದಿಕೆ ಸರಿಸಿದೆ, ಗಾಡಿಯ ಕೊಡೆ ಮಡಿಸಿದೆ, ಬಿಚ್ಚಿದೆ, ಒರಗುವ ಹಲಗೆಯನ್ನು ಮೇಲೆ ಮಾಡಿದೆ, ಕೆಳಗೆ ಮಾಡಿದೆ. ತುಟ್ಟಿ ಗಾಡಿಯಲ್ಲಿ ಒತ್ತಲು ಎಷ್ಟು ಗುಂಡಿಗಳಿದ್ದವೋ ಎಲ್ಲವನ್ನೂ ಒತ್ತಿದೆ. ಅಳು ಜೋರಾಯಿತು. ಗೌರಕ್ಕ ಹೊರಗೆ ಬಂದು, "ಅಳಾದು ಕಲ್ತುಬುಡ್ತಲ್ಲಪ್ಪ ನಿಮ್ ಮಗ!" ಎಂದು ಬೆರಗಾದರು. ಆಮೇಲೆ, "ನೋಡ್ತಾ ನಿಂತ್ಕಂಡ್ರೆ ಹೆಂಗೆ? ಎತ್ಕಳಪ್ಪ!" ಎಂದು ಗದರಿಸಿದರು.

ನೀವೇ ಎತ್ತಿಕೊಳ್ಳಿ ಎನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ಮಗಳು ಅಳುತ್ತ ಅಳುತ್ತ ಉಸಿರು ಕಟ್ಟಿ ಕೆಂಪಾದಳು; ಬಾಯಿ ತೆರೆದಿತ್ತು, ಸದ್ದಿರಲಿಲ್ಲ. ನನ್ನ ಕೈ ಹೇಗೆ ಕೆಳಗೆ ಹೋಯಿತು, ಯಾವ ಕೈ ತಲೆಯ ಕೆಳಗಿತ್ತು, ಒಂದೂ ನೆನಪಿಲ್ಲ. ನೆನಪಿರುವುದು ಇಷ್ಟೇ: ಅವಳು ನನ್ನ ಭುಜದ ಮೇಲಿದ್ದಳು, ಸಾಂಬ್ರಾಣಿ ಮತ್ತು ಹಾಲಿನ ವಾಸನೆಯಿತ್ತು, ಉಸಿರು ವಾಪಸು ಬಂದಿತ್ತು. ಒಂದೆರಡು ಬಿಕ್ಕು ಬಿಕ್ಕಿ ನನ್ನ ಅಂಗಿಯ ಕಾಲರನ್ನು ಹಿಡಿದುಕೊಂಡಳು. ಇಷ್ಟು ದಿನ ನಾನು ಹೆದರಿದ್ದು ನಾನು ಅವಳನ್ನು ಬಿಟ್ಟುಬಿಡುತ್ತೇನೆಂದು. ಅವಳೂ ಹಿಡಿದುಕೊಳ್ಳುತ್ತಾಳೆಂದು ನನಗೆ ಯಾರೂ ಹೇಳಿರಲಿಲ್ಲ. ಬೀದಿಯಲ್ಲೇ ಕಣ್ಣು ತುಂಬಿತು. ಗೌರಕ್ಕನಿಗೆ ಕಣ್ಣು ಸರಿಯಾಗಿ ಕಾಣಿಸದಿದ್ದದ್ದು ಒಳ್ಳೆಯದೇ ಆಯಿತು.

ಮನೆಗೆ ಬಂದಾಗ ಶೈಲಾ ಕಾಫಿ ಹಿಡಿದು ಜಗಲಿಯಲ್ಲಿ ಕೂತಿದ್ದಳು. ನನ್ನನ್ನೂ ಭುಜದ ಮೇಲಿದ್ದ ಮಗಳನ್ನೂ ನೋಡಿದಳು, ಇನ್ನೊಂದು ಗುಟುಕು ಕುಡಿದಳು. ಈಗ ಮನೆಯಲ್ಲಿ ಬೇರೆಯೇ ತಕರಾರು. ನಾನು ಮಗಳನ್ನು ಯಾರಿಗೂ ಕೊಡುವುದಿಲ್ಲವಂತೆ. ಕೊಟ್ಟರೂ ಪಕ್ಕದಲ್ಲೇ ನಿಂತು ಪಾಠ ಹೇಳುತ್ತೇನಂತೆ. ಸುಳ್ಳು, ಅಗತ್ಯವಿದ್ದಷ್ಟು ಮಾತ್ರ ಹೇಳುತ್ತೇನೆ. ಮೊನ್ನೆ ಅಮ್ಮ ಎತ್ತಿಕೊಂಡಾಗ, "ಕೈ ಇನ್ನೂ ಸ್ವಲ್ಪ ಮೇಲೆ ಇಟ್ಕೊಳಮ್ಮ. ಕತ್ತು ಗಟ್ಟಿಯಾಗೋ ತನಕ ಹುಷಾರಾಗಿರ್ಬೇಕು" ಎಂದೆ. ನಮ್ಮನ್ನೆಲ್ಲ ಎತ್ತಿ ಬೆಳೆಸಿದ ಅಮ್ಮ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ನಿನ್ನೂ ಇಂಗೇ ಎತ್ಕಂಡಿದ್ದು ಕಣ್ಲಾ. ಕತ್ತು ಗಟ್ಟಿ ಆಯ್ತು. ಮೇಲ್ಗಡೆದು ಯಾವಾಗ ಆಯ್ತದೋ ಅಂತ ಇವತ್ತಿಗೂ ಕಾಯ್ತಾ ಇವ್ನಿ."